ಮುಳ್ಳಿಗೆ ಹೆದರಿದ ಮಗುವಿಗೆ ಕಾಣೆ ಮೀನಿನ ಸಾರು

ಬೆಳಗಿನ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿದು ಬರುವಾಗ ತಿರುವಿನಲ್ಲಿ ಮೀನಿನ ಸ್ಕೂಟರ್ ನಿಂತಿರುತ್ತದೆ. ನಮ್ಮ ಕಾಸರಗೋಡು ಕಡೆ ಮೀನು ಮಾರುವವರಿಗೆ ಒಂದು ಭಾಷೆ ಸಾಲದು. ನಾವು ‘ನಂಗ್’ ಎನ್ನುವುದು ಪಕ್ಕದ ಮನೆಯ ಮಲೆಯಾಳಿಗಳಿಗೆ ‘ಮಾಂದಳ್’. ನಮ್ಮ ಮಾಂಜಿ ಅವರಿಗೆ ‘ಆವೋಲಿ’, ನಮ್ಮ ಬೂತಾಯಿ ‘ಮತ್ತಿ’. ಹೆಸರು ಯಾವುದಾದರೇನು, ಬುಟ್ಟಿಯ ಮುಚ್ಚಳ ತೆರೆದಾಗ ನಾವೆಲ್ಲರೂ ಇಣುಕುವುದು ಒಂದೇ ರೀತಿ.

ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ಮನೆಯಲ್ಲಿ ವಾರದ ಹೆಚ್ಚಿನ ದಿನ ಬೂತಾಯಿ, ಇಲ್ಲವೇ ಬಂಗುಡೆ. ಒಂದು ರಾತ್ರಿ ಊಟದ ಹೊತ್ತಿಗೆ ಆರು ವರ್ಷದ ಮಗಳ ಗಂಟಲಿಗೆ ಬೂತಾಯಿಯ ಮುಳ್ಳು ಚುಚ್ಚಿಕೊಂಡಿತು. ಹಿಂದಿನಿಂದ ಬಂದ ಪದ್ಧತಿಯಂತೆ ನಾವು ಅನ್ನದ ಉಂಡೆ ನುಂಗಿಸಿದೆವು, ಬಾಳೆಹಣ್ಣು ತಿನ್ನಿಸಿದೆವು. ಅವಳ ಅಳು ಹೆಚ್ಚಾಯಿತೇ ಹೊರತು ಮುಳ್ಳು ಹೋಗಲಿಲ್ಲ. ರಾತ್ರಿಯೇ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಓಡಿದೆವು. ಅವರು ಚಿಮುಟದಿಂದ ಅದನ್ನು ತೆಗೆದರು, ಆಮೇಲೆ ನಮ್ಮನ್ನು ಚೆನ್ನಾಗಿ ಬೈದರು. ಉಂಡೆ ನುಂಗಿಸಿದರೆ ಮುಳ್ಳು ಇನ್ನೂ ಆಳಕ್ಕೆ ನಾಟಿಕೊಳ್ಳಬಹುದಂತೆ. ಈ ಮಾತನ್ನು ಓದುಗ ತಾಯಂದಿರು ದಯವಿಟ್ಟು ನೆನಪಿಡಬೇಕು.

ಆ ಬಳಿಕ ಒಂದು ವರ್ಷ ಮಗಳು ಮೀನು ಮುಟ್ಟಲಿಲ್ಲ. ತಟ್ಟೆಗೆ ಮೀನಿನ ಸಾರು ಬಿದ್ದರೂ ಎದ್ದು ಹೋಗುತ್ತಿದ್ದಳು. ಎಲ್ಲರೂ ಒಟ್ಟಿಗೆ ಕುಳಿತು ಪ್ರಾರ್ಥನೆ ಹೇಳಿ ಉಣ್ಣುವ ಮನೆಯಲ್ಲಿ ಒಂದು ಮಗು ಮಾತ್ರ ಉಪ್ಪಿನಕಾಯಿಯಲ್ಲಿ ಗಂಜಿ ಉಣ್ಣುವುದನ್ನು ನೋಡುವುದು ಸುಲಭವಲ್ಲ. ಗದರಿಸಿದೆವು, ಆಸೆ ತೋರಿಸಿದೆವು, ಫಲವಾಗಲಿಲ್ಲ. ಕೊನೆಗೆ ಅವಳನ್ನು ಮೀನಿನ ಬಳಿಗೆ ಮರಳಿ ಕರೆತಂದದ್ದು ಕಾಣೆ.

ಕಾಣೆ ಉದ್ದನೆಯ, ತೆಳ್ಳಗಿನ, ಬೆಳ್ಳಗಿನ ಮೀನು. ಮರಳಿನ ತಳದಲ್ಲಿ ಬದುಕುತ್ತದೆ, ಬೆದರಿದರೆ ಮರಳಿನೊಳಗೆ ಹೂತುಕೊಳ್ಳುತ್ತದೆ. ಸಮುದ್ರದಂಚಿನಲ್ಲೂ ಹೊಳೆ ಸಮುದ್ರ ಸೇರುವ ಅಳಿವೆಗಳಲ್ಲೂ ಸಿಗುತ್ತದೆ. ಬಂಗುಡೆ, ಬೂತಾಯಿಗಳು ಹಿಂಡುಗಟ್ಟಿ ಸದಾ ಈಜುತ್ತಲೇ ಇರುವ ಮೀನುಗಳು, ಅದಕ್ಕೇ ಅವುಗಳ ಮಾಂಸದಲ್ಲಿ ಕಪ್ಪು ಭಾಗವೂ ಎಣ್ಣೆಯೂ ಹೆಚ್ಚು. ತಳದಲ್ಲಿರುವ ಕಾಣೆ, ನಂಗ್‌ಗಳ ಮಾಂಸ ಬಿಳಿ, ವಾಸನೆ ಕಡಿಮೆ, ರುಚಿ ಸೌಮ್ಯ. ಹಾಗೆಂದು ಬೂತಾಯಿಯನ್ನು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. ಹೃದಯಕ್ಕೆ ಒಳ್ಳೆಯದೆನ್ನುವ ಕೊಬ್ಬು ಇರುವುದು ಅದರಲ್ಲೇ ಹೆಚ್ಚು.

ಕೊಳ್ಳುವಾಗ ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಕಿವಿರು ಕೆಂಪಾಗಿದೆಯೇ, ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲದೆ ಮೇಲೆ ಬರುತ್ತದೆಯೇ ಎಂದು ನೋಡಿ. 2018ರ ಜೂನ್‌ನಲ್ಲಿ ಕೇರಳದ ಗಡಿ ತಪಾಸಣೆಯಲ್ಲಿ ಫಾರ್ಮಲಿನ್ ಬೆರೆಸಿದ ಮೀನು ಸಿಕ್ಕಿಬಿದ್ದ ಸುದ್ದಿ ನೆನಪಿರಬಹುದು. ಮೀನಿನ ವಾಸನೆಯೇ ಇಲ್ಲದ, ನೊಣವೂ ಕೂರದ ಮೀನು ಕಂಡರೆ ಸಂಶಯಪಡುವುದು ಒಳ್ಳೆಯದು. ಮಳೆಗಾಲದಲ್ಲಿ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುತ್ತದೆ: ಕೇರಳದಲ್ಲಿ 52 ದಿನ, ಕರ್ನಾಟಕದಲ್ಲಿ 61 ದಿನ. ಆಗ ಸಣ್ಣ ದೋಣಿಯವರು, ಹೊಳೆಯಲ್ಲಿ ಬೀಸುಬಲೆ ಹಾಕುವವರು ತಂದದ್ದೇ ನಮಗೆ ಗತಿ. ಆ ಮೀನು ಸ್ವಲ್ಪವೇ ಇದ್ದರೂ ತಾಜಾ.

ಕಾಣೆಯ ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಕೆರೆದು, ಹೊಟ್ಟೆ ಸೀಳಿ, ಒಳಗಿನ ಕಪ್ಪು ಪೊರೆ ಕಂಡರೆ ಉಜ್ಜಿ ತೊಳೆಯಬೇಕು. ನಂಗ್‌ಗೆ ಬೇರೆ ಉಪಾಯ. ತಲೆಯ ಬಳಿ ಚರ್ಮವನ್ನು ತುಸು ಕೊಯ್ದು, ಬೆರಳಿಗೆ ಉಪ್ಪು ಹಚ್ಚಿಕೊಂಡು ಬಾಲದತ್ತ ಎಳೆದರೆ ಕಾಲುಚೀಲ ಕಳಚಿದಂತೆ ಬರುತ್ತದೆ. ಮಕ್ಕಳು ಇದನ್ನು ನೋಡಲೆಂದೇ ಅಡುಗೆಮನೆಗೆ ಬರುತ್ತಾರೆ.

ಸಾರಿಗೆ ಅರ್ಧ ಕಿಲೋ ಕಾಣೆ ಸಾಕು. ಒಂದು ತೆಂಗಿನಕಾಯಿ ತುರಿದು ಒಂದು ಲೋಟ ದಪ್ಪ ಹಾಲು, ಎರಡು ಲೋಟ ತೆಳು ಹಾಲು ತೆಗೆದಿಡಿ. ಮಣ್ಣಿನ ಪಾತ್ರೆಯಲ್ಲಿ ಎರಡು ಚಮಚ ತೆಂಗಿನೆಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಒಂದು ನೀರುಳ್ಳಿ, ಒಂದು ಇಂಚು ಶುಂಠಿ, ಆರು ಎಸಳು ಬೆಳ್ಳುಳ್ಳಿ, ಸೀಳಿದ ಎರಡು ಹಸಿಮೆಣಸು, ಕರಿಬೇವು ಬಾಡಿಸಿ. ಚಿಟಿಕೆ ಅರಸಿನ, ಉಪ್ಪು, ತೆಳು ಹಾಲು, ಮೂರು ನಾಲ್ಕು ಬಿಂಬುಳಿ ಹಾಕಿ ಕುದಿಸಿ. ಬಿಂಬುಳಿ ಇಲ್ಲದಾಗ ಮಾವಿನಕಾಯಿಯ ಹೋಳು ಆಗುತ್ತದೆ. ಹುಳಿ ಬಿಟ್ಟುಕೊಂಡ ಮೇಲೆಯೇ ಮೀನು ಹಾಕಬೇಕು. ಸಣ್ಣ ಉರಿಯಲ್ಲಿ ಐದಾರು ನಿಮಿಷ ಸಾಕು. ಗಾಜಿನಂತಿದ್ದ ಮಾಂಸ ಸುಣ್ಣದಂತೆ ಬೆಳ್ಳಗಾದರೆ ಬೆಂದಿತೆಂದು ಲೆಕ್ಕ. ಎಣ್ಣೆ ಮೀನು ಹತ್ತು ನಿಮಿಷ ಹೆಚ್ಚು ಕುದಿದರೂ ಸಹಿಸಿಕೊಳ್ಳುತ್ತದೆ. ಇದು ಸಹಿಸದು, ನೀರು ಬಿಟ್ಟು ಒಣಗಿ ಪುಡಿಯಾಗುತ್ತದೆ. ಸೌಟು ಹಾಕಬೇಡಿ, ಪಾತ್ರೆಯನ್ನೇ ಹಿಡಿದು ತಿರುಗಿಸಿ. ದಪ್ಪ ಹಾಲು ಹಾಕಿ ಆವಿ ಏಳುತ್ತಲೇ ಇಳಿಸಿಬಿಡಿ, ಕುದಿದರೆ ಹಾಲು ಒಡೆಯುತ್ತದೆ. ನಮ್ಮ ಜಿಲ್ಲೆಯ ಮೂಡಣ ಗುಡ್ಡಗಳಲ್ಲಿ ನೆಲೆಸಿರುವ, ತಿರುವಾಂಕೂರಿನಿಂದ ಬಂದ ಸುರಿಯಾನಿ ಕ್ರೈಸ್ತರ ಮೀನ್ ಮೊಯ್ಲಿಗೂ ಇದಕ್ಕೂ ಹತ್ತಿರದ ನಂಟು.

ನಂಗ್ ನಮ್ಮ ಮನೆಯಲ್ಲಿ ಬಾಳೆಎಲೆಗೆ ಹೋಗುತ್ತದೆ. ಕಾಳುಮೆಣಸು, ಉಪ್ಪು, ನಿಂಬೆರಸ ಹಚ್ಚಿ, ಬಾಡಿಸಿದ ಎಲೆಯಲ್ಲಿ ಸುತ್ತಿ, ಕಾವಲಿಯ ಮೇಲೆ ಎರಡೂ ಬದಿ ನಾಲ್ಕು ನಾಲ್ಕು ನಿಮಿಷ. ಕೆಂಪು ಮಸಾಲೆ ಬಳಿದು ಹುರಿಯದಿದ್ದರೆ ಅದು ಮೀನೇ ಅಲ್ಲ ಎನ್ನುವ ಗಂಡಸರು ನಮ್ಮಲ್ಲೂ ಇದ್ದಾರೆ. ಪುನರುತ್ಥಾನದ ಬಳಿಕ ಪ್ರಭು ಯೇಸು ತಿಬೇರಿಯ ಸರೋವರದ ದಡದಲ್ಲಿ ಶಿಷ್ಯರಿಗಾಗಿ ಕೆಂಡದ ಮೇಲೆ ಮೀನು ಇಟ್ಟಿದ್ದರೆಂದು ಸಂತ ಯೊವಾನ್ನರು ಬರೆದಿದ್ದಾರೆ; ಮಸಾಲೆಯ ಮಾತು ಅಲ್ಲಿಲ್ಲ ಎಂದು ಅವರಿಗೆ ಹೇಳಿ ನೋಡಿದೆವು. ನಗುತ್ತಾರೆ, ಮೆಣಸಿನ ಪುಡಿ ಕೇಳುತ್ತಾರೆ.

ತಪಸ್ಸುಕಾಲದ ಬಗ್ಗೆ ಒಂದು ಮಾತು. ಮಾಂಸ ವರ್ಜಿಸುವ ನಿಯಮ ಧರ್ಮಸಭೆಯ ಕಾನೂನಿನಂತೆ 14 ವರ್ಷ ತುಂಬಿದವರಿಗೆ. ಅದರಲ್ಲಿ ಮೀನು ಸೇರುವುದಿಲ್ಲ. ಆದರೆ ಕಾಣೆಯ ಬೆಲೆ ಬೂತಾಯಿಗಿಂತ ಹಲವು ಪಟ್ಟು ಹೆಚ್ಚು. ಕೋಳಿ ಬಿಟ್ಟು ಅದಕ್ಕಿಂತ ದುಬಾರಿಯ ಕಾಣೆ ಬೇಯಿಸಿ ತ್ಯಾಗ ಮಾಡಿದೆವು ಎನ್ನಲು ನಮಗೆ ನಾಚಿಕೆ. ಆ ಶುಕ್ರವಾರಗಳಲ್ಲಿ ಮಗುವಿಗೆ ಮಾತ್ರ ಒಂದು ಕಾಣೆ, ಉಳಿದವರಿಗೆ ಸೊಪ್ಪಿನ ಪಲ್ಯ.

ಮೊದಲ ಸಲ ಅವಳಿಗೆ ಬಡಿಸುವಾಗ ನಾವೇ ಪಕ್ಕದಲ್ಲಿ ಕುಳಿತೆವು. ಬೆನ್ನಿನ, ಹೊಟ್ಟೆಯ ಅಂಚಿನ ರೆಕ್ಕೆಮುಳ್ಳು ಮೊದಲು ಎಳೆದು, ಮೇಲಿನ ಮಾಂಸ ಬಿಡಿಸಿ, ಬಾಲದ ಕಡೆಯಿಂದ ನಡುಮುಳ್ಳನ್ನು ಎತ್ತಿದಾಗ ಅದು ಬಾಚಣಿಗೆಯಂತೆ ಇಡೀ ಬಂತು. ಉಳಿದದ್ದನ್ನು ಬೆರಳಲ್ಲಿ ತಡವಿ ನೋಡಿ ಅವಳ ತಟ್ಟೆಗೆ ಹಾಕಿದೆವು. ಅವಳೂ ತನ್ನ ಬೆರಳಲ್ಲಿ ಮತ್ತೆ ತಡವಿದಳು, ಎರಡು ಸಲ. ಆಮೇಲೆ ತಿಂದಳು. ಈಗ ಮುಳ್ಳು ತಾನೇ ಬಿಡಿಸುತ್ತಾಳೆ. ಹೋದ ವಾರ ಸ್ಕೂಟರಿನ ಬುಟ್ಟಿಗೆ ಇಣುಕಿ ಬೂತಾಯಿ ಬೇಕು ಎಂದಳು. ನಮಗೇ ಇನ್ನೂ ಧೈರ್ಯ ಬಂದಿಲ್ಲ.