ಸಮಾಧಾನ: ಒಂದು ಪದ, ಎರಡು ಅರ್ಥ

ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ 2006ರಲ್ಲಿ ಸ್ಥಾಪಿತವಾದ ಮಧ್ಯಸ್ಥಿಕೆ ಕೇಂದ್ರಕ್ಕೆ 'ಸಮಾಧಾನ್' ಎಂದು ಹೆಸರು. ಹಿಂದಿಯಲ್ಲಿ ಈ ಪದಕ್ಕೆ ಪರಿಹಾರವೆಂದೂ ಕನ್ನಡದಲ್ಲಿ ಮನಸ್ಸಿನ ನೆಮ್ಮದಿಯೆಂದೂ ರೂಢಿಯ ಅರ್ಥ. ವಿವಾಹ ವ್ಯಾಜ್ಯಗಳಲ್ಲಿ ಇವೆರಡೂ ಒಂದೇ ಅಲ್ಲ.

1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ 9ನೆಯ ಕಲಮು, ಸಾಧ್ಯವಿದ್ದೆಡೆ ರಾಜಿಗೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದು ವಿಧಿಸಿದೆ. ಆದರೆ ರಾಜಿಯೆಂದರೆ ದಂಪತಿಗಳನ್ನು ಹೇಗಾದರೂ ಒಂದುಗೂಡಿಸುವುದೆಂದಲ್ಲ. ಊರ ಪಂಚಾಯಿತಿಯ ಹಿರಿಯರು ತೀರ್ಪು ಹೇಳುವರು; ಮಧ್ಯಸ್ಥನು ಹೇಳನು. ಉಭಯರ ಮಾತನ್ನೂ ಒಟ್ಟಾಗಿಯೂ ಬೇರೆಬೇರೆಯಾಗಿಯೂ ಆಲಿಸಿ, ಕೇಳಿದುದನ್ನು ಗೋಪ್ಯವಾಗಿರಿಸಿ, ಜೀವನಾಂಶ, ಮಕ್ಕಳ ಪಾಲನೆ, ಸ್ತ್ರೀಧನ ಇವುಗಳ ಬಗೆಗೆ ಅವರೇ ಒಪ್ಪಂದಕ್ಕೆ ಬರುವಂತೆ ನೆರವಾಗುವನು. ಅಗಲುವುದೇ ನಿಶ್ಚಯವಾದರೆ, ಹಿಂದೂ ವಿವಾಹ ಅಧಿನಿಯಮಕ್ಕೆ 1976ರಲ್ಲಿ ಸೇರಿದ 13-ಬಿ ಕಲಮಿನಂತೆ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ದಾರಿಯಾಗುವುದು. ಡಿಕ್ರಿ ನೀಡುವ ಅಧಿಕಾರ ಮಾತ್ರ ನ್ಯಾಯಾಲಯದ್ದೇ.

ಇಲ್ಲಿ ಅಪಾಯವೂ ಉಂಟು. ಹೊಡೆತಕ್ಕೆ ಅಂಜಿದವಳ, ಕೈಯಲ್ಲಿ ಕಾಸಿಲ್ಲದವಳ 'ಹೂಂ' ಎಂಬುದು ಸಮ್ಮತಿಯಲ್ಲ. ಅಂಥಲ್ಲಿ ಮಾತುಕತೆಯನ್ನು ನಿಲ್ಲಿಸಿ ವ್ಯಾಜ್ಯವನ್ನು ನ್ಯಾಯಾಲಯಕ್ಕೆ ಹಿಂದಿರುಗಿಸುವುದೇ ಮಧ್ಯಸ್ಥನ ಧರ್ಮ. ಬಲವಂತದ ಪರಿಹಾರವು ಕಡತವನ್ನು ಮುಗಿಸೀತು. ಕನ್ನಡಿಗರು ಸಮಾಧಾನವೆನ್ನುವುದನ್ನು ತಾರದು.