ಒಂದೇ ಲಾರಿ, ಎರಡು ಲೆಕ್ಕ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಹೊರಟ ಲಾರಿಗೆ ಚಾಲಕನೂ ಮಾಲೀಕನೂ ಒಬ್ಬನೇ ಆಗಿದ್ದರೆ, ಸ್ಟೇರಿಂಗ್ ಹಿಡಿದಷ್ಟು ಹೊತ್ತೂ ಅವನ ತಲೆಯಲ್ಲಿ ಲೆಕ್ಕ ಓಡುತ್ತಿರುತ್ತದೆ. ಅಡ್ವಾನ್ಸ್ ಎಷ್ಟು ಬಂತು, ಅನ್‌ಲೋಡ್ ಆದ ಮೇಲೆ ಬರಬೇಕಾದ ಬ್ಯಾಲೆನ್ಸ್ ಎಷ್ಟು, ಬ್ರೋಕರ್ ಕಮಿಷನ್, ಡೀಸೆಲ್, ಟೋಲ್, ಹಮಾಲಿ, ಕ್ಲೀನರ್ ಬತ್ತಾ, ಫೈನಾನ್ಸ್ ಕಂತು ಎಲ್ಲವೂ ಅವನಿಗೆ ಬಾಯಿಪಾಠ. ಕಾಗದದ ಮೇಲೆ ಮಾತ್ರ ಬಹಳ ಸಲ ಏನೂ ಇರುವುದಿಲ್ಲ.

ಇಂಥವರಿಗಾಗಿಯೇ 1994ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 44ಎಇ ಎಂಬ ಸೆಕ್ಷನ್ ಸೇರಿತು. ವರ್ಷದ ಯಾವ ದಿನವೂ ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರು ಖರ್ಚು-ವೆಚ್ಚದ ಪುಸ್ತಕ ಬರೆಯದೆ, ಸರ್ಕಾರ ಹೇಳಿದ ಅಂದಾಜಿನಷ್ಟು ಆದಾಯ ತೋರಿಸಿದರೆ ಸಾಕು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಜಾರಿಯಾಗುವ ದಿನ 2026ರ ಏಪ್ರಿಲ್ 1. ಅದರಲ್ಲಿ ಇದೇ ಸೌಲಭ್ಯ 58ನೇ ಸೆಕ್ಷನ್‌ನೊಳಗೆ ಸೇರಿದೆ.

ಅಂದಾಜಿನ ಲೆಕ್ಕ ಸರಳ. ಸರಕೂ ಸೇರಿ ಒಟ್ಟು ತೂಕ 12 ಟನ್ ಮೀರದ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯ. ಅದಕ್ಕಿಂತ ಭಾರಿ ವಾಹನಕ್ಕೆ ಆರ್‌ಸಿಯಲ್ಲಿರುವ ಒಟ್ಟು ತೂಕದ ಟನ್ನಿಗೆ ತಿಂಗಳಿಗೆ 1,000 ರೂಪಾಯಿ. 28 ಟನ್ನಿನ ಹತ್ತು ಚಕ್ರದ ಲಾರಿಗೆ ತಿಂಗಳಿಗೆ 28,000, ವರ್ಷಕ್ಕೆ 3,36,000 ರೂಪಾಯಿ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ, ಬೇರೆ ಆದಾಯವಿಲ್ಲದ ಒಂಟಿ ಲಾರಿ ಮಾಲೀಕ ತೆರಿಗೆ ಕಟ್ಟಬೇಕಾಗಿಯೇ ಬರುವುದಿಲ್ಲ.

ಹಾಗಾದರೆ ಪುಸ್ತಕವೇಕೆ?

ಈ ಅಂದಾಜು ಲಾರಿ ಓಡಿತೋ ಇಲ್ಲವೋ ಎಂದು ಕೇಳುವುದಿಲ್ಲ. ಅಪಘಾತವಾಗಿ ನಾಲ್ಕು ತಿಂಗಳು ಗ್ಯಾರೇಜಿನಲ್ಲಿ ನಿಂತಿದ್ದರೂ, ಲೋಡ್ ಸಿಗದೆ ಸ್ಟ್ಯಾಂಡಿನಲ್ಲೇ ಇದ್ದರೂ, ಹೆಸರಿನಲ್ಲಿ ಇದ್ದಷ್ಟು ತಿಂಗಳು ಆದಾಯ ಬಂದಂತೆಯೇ ಲೆಕ್ಕ. ಸಾಲದ ಕಂತು ಮುಗಿಯದ ಲಾರಿಯೂ ಅವನದ್ದೇ. ತಿಂಗಳಲ್ಲಿ ಒಂದೇ ದಿನ ಕೈಯಲ್ಲಿದ್ದರೂ ಪೂರ್ತಿ ತಿಂಗಳು ಎಂದೇ ಪರಿಗಣನೆ. 28 ಟನ್ನಿನ ನಾಲ್ಕು ಲಾರಿ ಇರುವ ಒಬ್ಬ ಮಾಲೀಕನನ್ನು ಊಹಿಸಿಕೊಳ್ಳಿ. ಅವನ ಅಂದಾಜು ಆದಾಯ 13,44,000 ರೂಪಾಯಿ. 12 ಲಕ್ಷದ ಗೆರೆ ದಾಟಿಯಾಯಿತು. ಅದೇ ವರ್ಷ ಎರಡು ಲಾರಿ ನಿಂತು, ಎಂಜಿನ್ ರಿಪೇರಿಗೆ ಲಕ್ಷಗಟ್ಟಲೆ ಹೋಗಿದ್ದರೆ ಅವನ ಕೈಗೆ ಬಂದದ್ದು ನಷ್ಟವೇ ಇರಬಹುದು.

ಆ ನಷ್ಟವನ್ನು ತೋರಿಸಲು ಕಾನೂನು ಬಿಡುತ್ತದೆ, ಆದರೆ ಎರಡು ಷರತ್ತಿದೆ. ಲೆಕ್ಕದ ಪುಸ್ತಕ ಇರಬೇಕು, ಚಾರ್ಟರ್ಡ್ ಅಕೌಂಟೆಂಟ್ ಅದನ್ನು ಆಡಿಟ್ ಮಾಡಿರಬೇಕು. ವಹಿವಾಟು ಒಂದು ಕೋಟಿ ಮುಟ್ಟದಿದ್ದರೂ ಈ ಆಡಿಟ್ ತಪ್ಪದು. ವರದಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ 30. ತಪ್ಪಿಸಿದರೆ 1961ರ ಕಾಯ್ದೆಯ ಪ್ರಕಾರ ವಹಿವಾಟಿನ ಶೇ. 0.5 ಅಥವಾ 1.5 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ದಂಡ. ಸಮಯಕ್ಕೆ ರಿಟರ್ನ್ ಸಲ್ಲಿಸಿದವರು ವ್ಯಾಪಾರದ ನಷ್ಟವನ್ನು ಮುಂದಿನ 8 ವರ್ಷದ ಲಾಭದಲ್ಲಿ ಕಳೆದುಕೊಳ್ಳಬಹುದು. ಕೆಟ್ಟ ವರ್ಷ ಬಂದ ಮೇಲೆ ಹಿಂದಿನ ಹನ್ನೆರಡು ತಿಂಗಳ ಚೀಟಿ ಹುಡುಕಲು ಕೂತರೆ ಆಡಿಟರ್ ಏನೂ ಮಾಡಲಾರರು.

ನಗದಿನ ವಿಷಯದಲ್ಲಿ ಎಡವುವವರು ಇನ್ನೂ ಹೆಚ್ಚು. ಪಾರ್ಟಿಯವರು ಲಾರಿ ಬಾಡಿಗೆಯನ್ನು ಒಬ್ಬರಿಗೆ ಒಂದು ದಿನಕ್ಕೆ 35,000 ರೂಪಾಯಿವರೆಗೆ ನಗದಾಗಿ ಕೊಟ್ಟರೆ ಅದು ಅವರ ಖರ್ಚಿನ ಲೆಕ್ಕಕ್ಕೆ ಸಲ್ಲುತ್ತದೆ. ಲಾರಿ ಮಾಲೀಕ ಟೈರ್ ಅಂಗಡಿಗೋ ಗ್ಯಾರೇಜಿಗೋ ಕೊಡುವಾಗ ಮಿತಿ ಇಳಿದು 10,000 ಆಗುತ್ತದೆ. ಒಂದು ಜೋಡಿ ಟೈರಿಗೆ 40,000 ನಗದು ಎಣಿಸಿಕೊಟ್ಟರೆ, ಬಿಲ್ ಇದ್ದರೂ ಆ ಅಷ್ಟೂ ಹಣ ಖರ್ಚೆಂದು ಒಪ್ಪಿಗೆಯಾಗುವುದಿಲ್ಲ. ಬ್ಯಾಂಕ್ ಮೂಲಕವೋ ಯುಪಿಐಯಲ್ಲೋ ಕಳುಹಿಸಿದ್ದರೆ ತಕರಾರಿಲ್ಲ.

ಬಾಡಿಗೆಯಲ್ಲಿ ಟಿಡಿಎಸ್ ಮುರಿದುಕೊಂಡರು ಎಂಬ ದೂರೂ ಸಾಮಾನ್ಯ. ಹತ್ತು ಅಥವಾ ಅದಕ್ಕಿಂತ ಕಡಿಮೆ ವಾಹನ ಇರುವವರು ಪ್ಯಾನ್ ನಂಬರಿನೊಂದಿಗೆ ಒಂದು ಹಾಳೆಯ ಘೋಷಣೆ ಕೊಟ್ಟರೆ ಟ್ರಾನ್ಸ್‌ಪೋರ್ಟ್ ಆಫೀಸಿನವರು ಏನೂ ಮುರಿಯಬೇಕಿಲ್ಲ. ಪ್ಯಾನ್ ಇದ್ದೂ ಘೋಷಣೆ ಕೊಡದಿದ್ದರೆ ಶೇ. 1ರಷ್ಟು ಹೋಗುತ್ತದೆ. ವರ್ಷಕ್ಕೆ 20 ಲಕ್ಷ ಬಾಡಿಗೆ ಪಡೆದವನ 20,000 ರೂಪಾಯಿ ಹೀಗೆ ಸಿಕ್ಕಿಕೊಳ್ಳುತ್ತದೆ. ರಿಟರ್ನ್ ಸಲ್ಲಿಸಿದರಷ್ಟೇ ವಾಪಸ್.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಲಾರಿ ಮಾರುವಾಗ ಎದುರಾಗುತ್ತದೆ. ಅಂದಾಜಿನ ಆದಾಯ ತೋರಿಸಿದ ವರ್ಷಗಳಲ್ಲೂ ಸವಕಳಿ ಕಳೆದಂತೆಯೇ ಕಾನೂನು ಭಾವಿಸುತ್ತದೆ. ಬಾಡಿಗೆ ಲಾರಿಗೆ ಅದು ವರ್ಷಕ್ಕೆ ಶೇ. 30. 30 ಲಕ್ಷಕ್ಕೆ ಕೊಂಡ ಲಾರಿಯ ಬೆಲೆ ಮೂರು ಪೂರ್ಣ ವರ್ಷದಲ್ಲಿ 21 ಲಕ್ಷ, 14.70 ಲಕ್ಷ, ಕೊನೆಗೆ 10.29 ಲಕ್ಷಕ್ಕೆ ಇಳಿಯುತ್ತದೆ. ಮಾಲೀಕ ತನಗಿದ್ದ ಆ ಒಂದೇ ಲಾರಿಯನ್ನು ನಾಲ್ಕನೇ ವರ್ಷ 16 ಲಕ್ಷಕ್ಕೆ ಮಾರಿ ಬೇರೊಂದನ್ನು ಕೊಳ್ಳದಿದ್ದರೆ, ಅವನ ಮನಸ್ಸಿಗೆ 14 ಲಕ್ಷ ನಷ್ಟ. ಇಲಾಖೆಯ ಪುಸ್ತಕದಲ್ಲಿ 5.71 ಲಕ್ಷ ಲಾಭ. ಅದು ಆ ವರ್ಷದ ಉಳಿದ ಆದಾಯಕ್ಕೆ ಸೇರುತ್ತದೆ. ಖರೀದಿಯ ಇನ್‌ವಾಯ್ಸ್, ಬಾಡಿ ಕಟ್ಟಿಸಿದ ಬಿಲ್ ಜೋಪಾನವಾಗಿದ್ದರೆ ಮೂಲ ಬೆಲೆಯನ್ನಾದರೂ ಸರಿಯಾಗಿ ತೋರಿಸಬಹುದು.

ಇದಕ್ಕೆಲ್ಲ ಗುಮಾಸ್ತ ಬೇಡ. ಟ್ರಿಪ್ಪಿಗೊಂದು ಪುಟ ಇಟ್ಟು ತಾರೀಕು, ಎಲ್ಲಿಂದ ಎಲ್ಲಿಗೆ, ಬಾಡಿಗೆ, ಅಡ್ವಾನ್ಸ್, ಬ್ಯಾಲೆನ್ಸ್, ಡೀಸೆಲ್ ಲೀಟರ್, ಕಿಲೋಮೀಟರ್ ಬರೆದರೆ ಆಯಿತು. ಬಂಕಿನ ಬಿಲ್ಲಿನ ಶಾಯಿ ಕೆಲವೇ ತಿಂಗಳಲ್ಲಿ ಮಾಸುವುದರಿಂದ ಅಂದೇ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್, ಲಾರಿ ನಿಂತ ದಿನಗಳ ಗ್ಯಾರೇಜ್ ಚೀಟಿ, ಇನ್ಶೂರೆನ್ಸ್, ಪರ್ಮಿಟ್, ಎಫ್‌ಸಿ ರಸೀದಿ, ಸಾಲದ ಬಡ್ಡಿ ಪತ್ರ ಒಂದೇ ಫೈಲಿನಲ್ಲಿರಲಿ. ಮನೆ ಖರ್ಚಿನ ಖಾತೆ ಬೇರೆ, ಲಾರಿಯ ಖಾತೆ ಬೇರೆ ಇರಲಿ. ಆರೇಳು ವರ್ಷ ಇವನ್ನು ಉಳಿಸಿಕೊಳ್ಳುವುದು ಕ್ಷೇಮ.

ಮಾರ್ಚ್ ಮುಗಿದ ಕೂಡಲೇ ಎರಡೂ ಲೆಕ್ಕವನ್ನು, ಸರ್ಕಾರದ ಅಂದಾಜನ್ನೂ ನಿಮ್ಮ ಪುಸ್ತಕದ ನಿಜ ಆದಾಯವನ್ನೂ, ಪಕ್ಕಪಕ್ಕದಲ್ಲಿಟ್ಟು ಆಡಿಟರಿಗೆ ತೋರಿಸಿ. ಈ ಅಂದಾಜಿಗೆ ಐದು ವರ್ಷ ಕಟ್ಟುಬೀಳಬೇಕೆಂಬ ನಿಯಮವಿಲ್ಲ. ಯಾವ ವರ್ಷಕ್ಕೆ ಯಾವುದು ಸರಿಯೋ ಅದನ್ನು ಆರಿಸಿಕೊಳ್ಳುವ ಹಕ್ಕು ಲಾರಿ ಮಾಲೀಕನದು. ಪುಸ್ತಕ ಬರೆದಿಟ್ಟವರು ಮಾತ್ರ ಅದನ್ನು ಬಳಸಿಕೊಳ್ಳಬಲ್ಲರು. ಮುಂದಿನ ಟ್ರಿಪ್ಪಿನಿಂದಲೇ ಬರೆಯಲು ಶುರು ಮಾಡಿ.