ಹಾಳೆಯ ಲೆಕ್ಕ, ತಾಳೆಯ ವಿದ್ಯೆ

ಒಂದು ಕಾಲದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮಧ್ಯಮ ವರ್ಗದ ಮನೆಗಳಲ್ಲಿ ಮಗನೋ ಮಗಳೋ ಎಸ್.ಎಸ್.ಎಲ್.ಸಿ. ಮುಗಿಸಿದರೆಂದರೆ ಬೆರಳಚ್ಚಿನ ಶಾಲೆಗೆ ಸೇರಿಸುವ ರೂಢಿಯಿತ್ತು. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ದಾಟಿ, ಜೊತೆಗೆ ಶೀಘ್ರಲಿಪಿಯನ್ನೂ ಕಲಿತವರಿಗೆ ಕಚೇರಿಯ ಬಾಗಿಲು ಅರ್ಧ ತೆರೆದಂತೆಯೇ ಎಂದು ಹಿರಿಯರು ನಂಬಿದ್ದರು. ಆ ನಂಬಿಕೆಯಲ್ಲಿ ಹುರುಳಿತ್ತು. ಇಂದು ಆ ಸ್ಥಾನದಲ್ಲಿ ಬಂದು ಕುಳಿತಿರುವುದು ಸ್ಪ್ರೆಡ್‌ಷೀಟ್, ಅಂದರೆ ಗಣಕಯಂತ್ರದ ಲೆಕ್ಕದ ಹಾಳೆ. ಬ್ಯಾಂಕು, ವಿಮೆ, ಆಸ್ಪತ್ರೆ, ಸಿದ್ಧ ಉಡುಪಿನ ಕಾರ್ಖಾನೆ, ಕಾಲೇಜಿನ ಕಚೇರಿ, ಎಲ್ಲಿಗೆ ಅರ್ಜಿ ಹಾಕಿದರೂ “ಎಕ್ಸೆಲ್ ಬರುತ್ತದೆಯೆ?” ಎಂಬ ಪ್ರಶ್ನೆ ಎದುರಾಗುವುದು ಸಾಮಾನ್ಯವಾಗಿದೆ.

“ಬರುತ್ತದೆ” ಎಂದು ಉತ್ತರಿಸುವವರಿಗೇನೂ ಕೊರತೆಯಿಲ್ಲ. ಅವರಲ್ಲಿ ಬಹುಮಂದಿ ಮನೆಯಲ್ಲಿಯೇ ಕುಳಿತು, ತಮಗೆ ತಾವೇ ಕಲಿತವರು. ಬೆರಳಚ್ಚಿನ ಶಾಲೆಯಲ್ಲಿ ತಪ್ಪಿನ ಅಡಿಗೆ ಕೆಂಪು ಗೆರೆ ಎಳೆಯುವ ಮೇಷ್ಟರಿದ್ದರು. ಈ ಏಕಲವ್ಯರಿಗೆ ಅಂಥ ಮೇಷ್ಟರಿಲ್ಲ. ಈ ವಿದ್ಯೆಯ ಸೌಲಭ್ಯ ಇರುವುದೂ ಅಲ್ಲಿಯೇ, ಅಪಾಯ ಇರುವುದೂ ಅಲ್ಲಿಯೇ.

ಕರಿಹಲಗೆಯಿಂದ ಗಣಕಕ್ಕೆ

ಈ ಹಾಳೆಯ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. 1978ರಲ್ಲಿ ಅಮೆರಿಕದ ಹಾರ್ವರ್ಡ್ ವಾಣಿಜ್ಯ ವಿದ್ಯಾಲಯದಲ್ಲಿ ಡ್ಯಾನ್ ಬ್ರಿಕ್‌ಲಿನ್ ಎಂಬ ವಿದ್ಯಾರ್ಥಿ ಓದುತ್ತಿದ್ದ. ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ದೊಡ್ಡದೊಂದು ಕೋಷ್ಟಕವನ್ನು ಬರೆಯುತ್ತಿದ್ದರು. ಒಂದು ಅಂಕಿ ಬದಲಾಯಿತೆಂದರೆ, ಅದನ್ನು ಅವಲಂಬಿಸಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ಅಳಿಸುವ ಈ ಕಷ್ಟವನ್ನು ಗಣಕಯಂತ್ರವೇ ವಹಿಸಿಕೊಂಡರೆ ಹೇಗೆ ಎಂದು ಬ್ರಿಕ್‌ಲಿನ್ ಯೋಚಿಸಿದ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್‌ನ ನೆರವಿನಿಂದ 1979ರಲ್ಲಿ ಆಪಲ್ 2 ಗಣಕಕ್ಕಾಗಿ ‘ವಿಸಿಕ್ಯಾಲ್ಕ್’ ಹೊರಬಂದಿತು. 1983ರಲ್ಲಿ ‘ಲೋಟಸ್ 1-2-3’ ಬಂದು ಅದನ್ನು ಹಿಂದೆ ಹಾಕಿತು. ಮೈಕ್ರೋಸಾಫ್ಟ್‌ನ ‘ಎಕ್ಸೆಲ್’ 1985ರಲ್ಲಿ ಮ್ಯಾಕಿಂಟಾಷ್ ಗಣಕಗಳಿಗೂ 1987ರಲ್ಲಿ ವಿಂಡೋಸ್‌ಗೂ ಬಂದಿತು.

ಇಂದಿನ ಎಕ್ಸೆಲ್ ಹಾಳೆಯೊಂದರಲ್ಲಿ 10,48,576 ಅಡ್ಡಸಾಲುಗಳೂ 16,384 ಕಂಬಸಾಲುಗಳೂ ಇವೆ. ಹಣ ಕೊಟ್ಟು ಕೊಳ್ಳಲಾರದವರಿಗೆ ಲಿಬ್ರೆಆಫೀಸಿನ ‘ಕ್ಯಾಲ್ಕ್’, ಗೂಗಲ್‌ನ ‘ಷೀಟ್ಸ್’ ಉಚಿತವಾಗಿ ದೊರೆಯುತ್ತವೆ. ಮುಂಬಯಿಯ ಐ.ಐ.ಟಿ.ಯಲ್ಲಿ ರೂಪುಗೊಂಡ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಗಣಕದ ಪಾಠಗಳನ್ನು ಶುಲ್ಕವಿಲ್ಲದೆ ಒದಗಿಸುತ್ತಿದೆ. ಆದ್ದರಿಂದ ಕಲಿಯಲು ಸಾಧನವಿಲ್ಲವೆಂಬ ನೆಪ ಈಗ ಉಳಿದಿಲ್ಲ.

ಮನೆಯ ಲೆಕ್ಕವೇ ಮೊದಲ ಪಾಠ

ಪಾಠದ ಚಿತ್ರಗಳನ್ನು ಎಷ್ಟು ಹೊತ್ತು ನೋಡಿದರೂ ಈ ವಿದ್ಯೆ ಕೈಗೆ ಹತ್ತುವುದಿಲ್ಲ. ನೀರಿಗಿಳಿಯದೆ ಈಜು ಬಾರದು. ಮೊದಲ ಅಭ್ಯಾಸಕ್ಕೆ ಮನೆಯ ಖರ್ಚಿನ ಲೆಕ್ಕಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ಬೇಕಿಲ್ಲ. ದಿನಾಂಕ, ಬಾಬತ್ತು, ವಿವರ, ಮೊಬಲಗು ಎಂದು ನಾಲ್ಕು ಕಂಬಸಾಲುಗಳನ್ನು ಮಾಡಿ, ಹಾಲು, ತರಕಾರಿ, ಅಡಿಗೆ ಅನಿಲ, ವಿದ್ಯುತ್ ಬಿಲ್ಲು, ಚೀಟಿಯ ಕಂತು ಮುಂತಾದವುಗಳನ್ನು ಮೂರು ತಿಂಗಳ ಕಾಲ ಬರೆದಿಡಬೇಕು. ಒಂದು ಸಾಲಿಗೆ ಒಂದೇ ಖರ್ಚು, ಒಂದು ಮನೆಗೆ ಒಂದೇ ಸಂಗತಿ ಎಂಬುದು ಇಲ್ಲಿನ ಮೊದಲ ಶಿಸ್ತು. ಮೊಬಲಗಿನ ಮನೆಯಲ್ಲಿ “400, ಸಾಲ” ಎಂದು ಬರೆದರೆ ಯಂತ್ರಕ್ಕೆ ಅದು ಅಂಕಿಯಲ್ಲ, ಬರಿಯ ಅಕ್ಷರ. ಮೊತ್ತ ಕೂಡುವಾಗ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಎರಡನೆಯ ಪಾಠ ಸೂತ್ರಗಳದು. ಹಾಲಿನ ದರವನ್ನು ಎಫ್1 ಎಂಬ ಮನೆಯಲ್ಲಿ ಒಮ್ಮೆ ಬರೆದು, ದಿನದಿನದ ಲೀಟರಿನೊಡನೆ ಗುಣಿಸುವ ಸೂತ್ರವನ್ನು ಮೊದಲ ಸಾಲಿನಲ್ಲಿ ಹಾಕಿ ಕೆಳಕ್ಕೆ ನಕಲು ಮಾಡಿದಾಗ, ಎರಡನೆಯ ಸಾಲಿನಿಂದ ಉತ್ತರ ಸೊನ್ನೆಯಾಗಿಬಿಡುತ್ತದೆ. ಹೊಸಬರು ಕಂಗಾಲಾಗುವ ಎಡೆ ಇದು. ಕಾರಣ ಸರಳ: ಸೂತ್ರ ಒಂದು ಸಾಲು ಕೆಳಗಿಳಿದಂತೆ ಅದರೊಳಗಿನ ಎಫ್1 ಕೂಡ ಎಫ್2 ಆಗಿದೆ, ಆ ಮನೆ ಬರಿದು. ಎಫ್‌ನ ಹಿಂದೆಯೂ 1ರ ಹಿಂದೆಯೂ ಡಾಲರ್ ಚಿಹ್ನೆ ಇಟ್ಟರೆ ದರದ ಮನೆ ಕದಲದೆ ನಿಲ್ಲುತ್ತದೆ. ಈ ಒಂದು ಗುಟ್ಟನ್ನು ಸ್ವಂತ ತಪ್ಪಿನಿಂದ ಕಂಡುಕೊಂಡವರು ಅದನ್ನು ಮರೆಯುವುದಿಲ್ಲ.

ಒಂದು ಅಂಕಿ ಬದಲಾದರೆ

ಬ್ರಿಕ್‌ಲಿನ್ ಬಯಸಿದ್ದು ‘ಹೀಗಾದರೆ ಏನಾದೀತು’ ಎಂಬ ಪ್ರಶ್ನೆಗೆ ಕೂಡಲೆ ಉತ್ತರ ಕೊಡುವ ಹಾಳೆಯನ್ನು. ಅದರ ಬೆಲೆಯನ್ನು ಅರಿಯಲು ಗೃಹಸಾಲದ ಲೆಕ್ಕವೊಂದು ಸಾಕು. 10 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 9ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಕಂತಿಗಾಗಿಯೇ ಇರುವ ‘ಪಿ.ಎಂ.ಟಿ.’ ಸೂತ್ರಕ್ಕೆ ಈ ಅಂಕಿಗಳನ್ನು ತಿಂಗಳ ಲೆಕ್ಕಕ್ಕೆ ಇಳಿಸಿ ಕೊಟ್ಟರೆ, ಮಾಸಿಕ ಕಂತು ಸುಮಾರು 8,997 ರೂಪಾಯಿ ಎನ್ನುತ್ತದೆ. ಒಟ್ಟು ಕಟ್ಟುವುದು ಸುಮಾರು 21.59 ಲಕ್ಷ. ಅವಧಿಯನ್ನು 15 ವರ್ಷಕ್ಕೆ ಇಳಿಸಿದರೆ ಕಂತು ಸುಮಾರು 10,143 ರೂಪಾಯಿಗೆ ಏರುತ್ತದೆ, ಒಟ್ಟು ಮೊತ್ತ ಸುಮಾರು 18.26 ಲಕ್ಷಕ್ಕೆ ಇಳಿಯುತ್ತದೆ. ತಿಂಗಳಿಗೆ ಸುಮಾರು 1,150 ರೂಪಾಯಿ ಹೆಚ್ಚು ತೆತ್ತರೆ ಮೂರು ಲಕ್ಷಕ್ಕೂ ಮಿಗಿಲಾದ ಉಳಿತಾಯ! ಇಂಥ ಲೆಕ್ಕವನ್ನು ತಾನೇ ಹಾಕಿ, ಅದರ ಅರ್ಥವನ್ನು ಮನೆಯವರಿಗೆ ವಿವರಿಸಬಲ್ಲ ತರುಣಿಯು ಕಚೇರಿಯ ಕೆಲಸಕ್ಕೆ ಬೇಕಾದುದರ ಮುಖ್ಯ ಭಾಗವನ್ನು ಆಗಲೇ ಕಲಿತಿದ್ದಾಳೆ.

ಸದ್ದಿಲ್ಲದ ತಪ್ಪುಗಳು

ಆದರೆ ಈ ಹಾಳೆಯಲ್ಲಿ ಎಲ್ಲ ತಪ್ಪುಗಳೂ ಸೊನ್ನೆಯಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ಪಟ್ಟಿಯಿಂದ ಮತ್ತೊಂದಕ್ಕೆ ಬೆಲೆಯನ್ನೋ ಹೆಸರನ್ನೋ ಹುಡುಕಿ ತರುವ ‘ವಿ-ಲುಕಪ್’ ಎಂಬ ಪ್ರಸಿದ್ಧ ಸೂತ್ರವಿದೆ. ಅದರ ಕೊನೆಯ ಅಂಶವನ್ನು ಬರೆಯದೆ ಬಿಟ್ಟರೆ, ಅದು ನಿಖರವಾದ ಹೊಂದಿಕೆಯನ್ನು ಹುಡುಕದೆ ಹತ್ತಿರದ ಹೊಂದಿಕೆಗೆ ತೃಪ್ತಿಪಡುತ್ತದೆ. ಪಟ್ಟಿ ಕ್ರಮವಾಗಿ ಜೋಡಣೆಯಾಗಿರದಿದ್ದರೆ, ಯಾವ ಎಚ್ಚರಿಕೆಯನ್ನೂ ಕೊಡದೆ ಬೇರೊಬ್ಬರ ಸಂಬಳವನ್ನು ಇವರ ಹೆಸರಿನ ಮುಂದೆ ತಂದಿರಿಸೀತು. 03/04 ಎಂಬುದು ನಮಗೆ ಏಪ್ರಿಲ್ 3. ಅಮೆರಿಕದ ಪದ್ಧತಿಗೆ ಹೊಂದಿಸಿದ ಯಂತ್ರಕ್ಕೆ ಅದು ಮಾರ್ಚ್ 4.

2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಗೆ ಇಂಥ ಅನುಭವವಾಯಿತು. 65,536 ಸಾಲುಗಳಷ್ಟೇ ಹಿಡಿಸುವ ಹಳೆಯ ಬಗೆಯ ಕಡತದಲ್ಲಿ ಕೊರೋನಾ ರೋಗಿಗಳ ಪಟ್ಟಿಯನ್ನು ತುಂಬಿದ್ದರಿಂದ, ಹೆಚ್ಚಾದವರು ಹೊರಗುಳಿದರು. 15,841 ಪ್ರಕರಣಗಳು ಸಕಾಲದಲ್ಲಿ ಲೆಕ್ಕಕ್ಕೆ ಸೇರಲಿಲ್ಲ. ಆ ರೋಗಿಗಳ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ವಿದ್ಯಾರ್ಥಿ ಹಿಡಿದ ತಪ್ಪು

ಇದಕ್ಕಿಂತ ಬೋಧಪ್ರದವಾದ ಪ್ರಸಂಗ 2013ರದು. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದ್ದರು. ರಾಷ್ಟ್ರದ ಸಾಲ ಅದರ ವಾರ್ಷಿಕ ಉತ್ಪನ್ನದ ಶೇಕಡಾ 90ನ್ನು ಮೀರಿದರೆ ಬೆಳವಣಿಗೆ ಕುಸಿಯುತ್ತದೆಂಬುದು ಅದರ ಸಾರ. ಸರ್ಕಾರದ ವೆಚ್ಚವನ್ನು ಕಡಿತಗೊಳಿಸಬೇಕೆಂದು ವಾದಿಸುತ್ತಿದ್ದ ಯೂರೋಪು, ಅಮೆರಿಕಗಳ ರಾಜಕಾರಣಿಗಳು ಅದನ್ನು ಆಧಾರವಾಗಿ ಎತ್ತಿ ಹಿಡಿದರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ, ಪ್ರಸಿದ್ಧ ಪ್ರಬಂಧವೊಂದರ ಲೆಕ್ಕವನ್ನು ಮರುಮಾಡಿ ತೋರಿಸುವ ಅಭ್ಯಾಸಪಾಠವಿತ್ತು. ಆತ ಈ ಪ್ರಬಂಧವನ್ನು ಆರಿಸಿಕೊಂಡ. ಎಷ್ಟು ಸಲ ಮಾಡಿದರೂ ಉತ್ತರ ತಾಳೆಯಾಗಲಿಲ್ಲ. ಕೊನೆಗೆ ಲೇಖಕರಿಗೇ ಬರೆದು ಅವರ ಎಕ್ಸೆಲ್ ಹಾಳೆಯನ್ನು ತರಿಸಿಕೊಂಡು ನೋಡಿದಾಗ ಗುಟ್ಟು ರಟ್ಟಾಯಿತು. 30ರಿಂದ 49ನೆಯ ಸಾಲಿನವರೆಗೆ ತೆಗೆಯಬೇಕಾಗಿದ್ದ ಸರಾಸರಿಯನ್ನು ಸೂತ್ರ 44ಕ್ಕೇ ನಿಲ್ಲಿಸಿತ್ತು. ಐದು ದೇಶಗಳು ಹೊರಗುಳಿದಿದ್ದವು. ಬಿಟ್ಟುಹೋದ ಕೆಲವು ವರ್ಷಗಳ ಅಂಕಿಗಳನ್ನೂ ಸೇರಿಸಿ, ಸರಾಸರಿಯ ಕ್ರಮವನ್ನೂ ಬದಲಿಸಿ, ಹರ್ನ್‌ಡನ್ ಮತ್ತು ಆತನ ಇಬ್ಬರು ಪ್ರಾಧ್ಯಾಪಕರು ಲೆಕ್ಕ ಹಾಕಿದಾಗ, ಶೇಕಡಾ 0.1ರ ಇಳಿತವೆಂದು ಹೇಳಿದ್ದ ಕಡೆ ಶೇಕಡಾ 2.2ರ ಬೆಳವಣಿಗೆ ಕಾಣಿಸಿತು. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು. ಉಳಿದ ವಿಷಯಗಳ ವಾದ ಮುಂದುವರಿಯಿತು. ಆ ವಿದ್ಯಾರ್ಥಿಯ ಬಳಿಯಿದ್ದುದು ಯಾರಿಗೂ ತಿಳಿಯದ ಸೂತ್ರವೇನಲ್ಲ; ಉತ್ತರ ತಾಳೆಯಾಗದೆ ಬಿಡುವುದಿಲ್ಲವೆಂಬ ಹಟ ಮಾತ್ರ.

ಪರೀಕ್ಷಕರು ಯಾರು?

ಮೇಷ್ಟರಿಲ್ಲದೆ ಕಲಿಯುವವರು ಈ ಹಟವನ್ನೇ ಮೇಷ್ಟರನ್ನಾಗಿ ಮಾಡಿಕೊಳ್ಳಬೇಕು. ಅಡ್ಡ ಕೂಡಿದ ಮೊತ್ತವೂ ಉದ್ದ ಕೂಡಿದ ಮೊತ್ತವೂ ಒಂದೇ ಆಗಿದೆಯೆ? ಯಾವುದಾದರೂ ಒಂದು ಸಾಲನ್ನು ಕೈಯಿಂದ ಲೆಕ್ಕ ಹಾಕಿದರೆ ಅದೇ ಉತ್ತರ ಬರುತ್ತದೆಯೆ? ಸೂತ್ರ ಕೊನೆಯ ಸಾಲಿನವರೆಗೂ ಮುಟ್ಟಿದೆಯೆ? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಯಾವ ಹಾಳೆಯನ್ನೂ ಮುಗಿಯಿತೆನ್ನಬಾರದು. ಸೂತ್ರಗಳನ್ನು ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಬರೆದುಕೊಡುತ್ತವೆ, ನಿಜ. ಬರೆದುಕೊಟ್ಟದ್ದು ಸರಿಯೆ ಎಂದು ನೋಡುವ ಹೊಣೆ ಬಳಸಿದವರಿಗೇ ಉಳಿದಿದೆ.

ಈ ಕೆಲಸದಲ್ಲಿ ನೆರವಾಗಬಲ್ಲವರು ಎಷ್ಟೋ ಮನೆಗಳಲ್ಲಿಯೇ ಇದ್ದಾರೆ. ಬ್ಯಾಂಕಿನಲ್ಲೋ ಖಜಾನೆಯಲ್ಲೋ ಮೂವತ್ತು ವರ್ಷ ಖಾತೆಪುಸ್ತಕ ಬರೆದು ನಿವೃತ್ತರಾದ ತಂದೆಗೆ, ಚಿಕ್ಕಪ್ಪನಿಗೆ ‘ಪಿವಟ್ ಟೇಬಲ್’ ಎಂದರೇನೆಂದು ತಿಳಿಯದಿರಬಹುದು. ಆದರೆ ಒಂದು ರೂಪಾಯಿಯ ವ್ಯತ್ಯಾಸಕ್ಕಾಗಿ ಸಂಜೆ ಕಳೆದರೂ ಕಚೇರಿಯಲ್ಲಿ ಉಳಿದು ಹುಡುಕಿದವರು ಅವರು. ಮಗಳು ಮೂರು ತಿಂಗಳ ಖರ್ಚನ್ನು ಬಾಬತ್ತುವಾರು ವಿಂಗಡಿಸಿ ತಂದಾಗ, “ಇದು ಎಲ್ಲಿಂದ ಬಂತಮ್ಮ?” ಎಂದು ಒಂದು ಅಂಕಿಯ ಮೇಲೆ ಬೆರಳಿಟ್ಟು ಕೇಳಿದರೆ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಮತ್ತೊಂದಿಲ್ಲ.

ಉದ್ಯೋಗದ ಸಂದರ್ಶನಗಳಲ್ಲಿ ಯೋಗ್ಯತಾಪತ್ರವನ್ನು ಬದಿಗಿಟ್ಟು, ನೂರಾರು ಸಾಲುಗಳ ಒರಟು ಪಟ್ಟಿಯೊಂದನ್ನು ಕೊಟ್ಟು ಸಾರಾಂಶ ಕೇಳುವುದುಂಟು. ಒಂದೇ ಹೆಸರು ಎರಡು ಕಾಗುಣಿತಗಳಲ್ಲಿ, ಒಂದೇ ರಸೀತಿ ಎರಡು ಸಲ, ದಿನಾಂಕಗಳು ಕಲಸಿಕೊಂಡು ಅದರಲ್ಲಿರುತ್ತವೆ. ಕೂಡಲೆ ಸೂತ್ರಕ್ಕೆ ಕೈಹಾಕುವವರು ಹಲವರು. ಮೊದಲು ಸಾಲುಗಳೆಷ್ಟೆಂದು ಎಣಿಸಿ, ಒಟ್ಟು ಮೊತ್ತವನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡು, ಕೆಲಸ ಮುಗಿದ ಮೇಲೆ ಅದರೊಡನೆ ತಾಳೆ ನೋಡುವವರು ಕೆಲವರು. ಮೇಷ್ಟರಿಲ್ಲದೆ ಕಲಿತೂ ಮೇಷ್ಟರ ಕಣ್ಣನ್ನು ಸಂಪಾದಿಸಿದವರು ಅವರೇ. ಲೆಕ್ಕವನ್ನು ನಂಬಿ ಒಪ್ಪಿಸಲು ಎಲ್ಲ ಕಚೇರಿಗಳಿಗೂ ಬೇಕಾದವರು ಅಂಥವರು.